ಮೂಗಿನ ನಡುಗೋಡೆಯ ವಕ್ರತೆ ಮತ್ತು ಮುಖದ ಅಸಮತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡಿಯ ಮುಂದೆ ನಿಂತಾಗ ಮುಖ ಒಂದು ಕಡೆಗೆ ವಾಲಿದಂತೆ ಕಾಣುತ್ತದೆ. ಮೂಗಿನ ಒಂದು ಹೊಳ್ಳೆಯೂ ಸದಾ ಕಟ್ಟಿಕೊಂಡಿರುತ್ತದೆ. ಇವೆರಡನ್ನೂ ಗಮನಿಸಿದವರು ಒಂದಕ್ಕೆ ಇನ್ನೊಂದು ಕಾರಣವಿರಬೇಕೆಂದು ಭಾವಿಸುವುದು ಸಹಜ. ಎರಡರ ನಡುವೆ ಸಂಬಂಧ ಇರುವುದು ನಿಜ. ಆದರೆ ಅದು ಮುಖ್ಯವಾಗಿ ಮುಖ ಬೆಳೆಯುವ ವರ್ಷಗಳಲ್ಲಿ ಏರ್ಪಡುವ ಸಂಬಂಧ; ಬೆಳವಣಿಗೆ ಮುಗಿದ ಮೇಲೆ ಒಂದನ್ನು ನೇರ ಮಾಡಿದರೆ ಇನ್ನೊಂದು ತಾನಾಗಿ ನೇರವಾಗುವುದಿಲ್ಲ. ಈ ಒಂದು ಅಂಶ ಸ್ಪಷ್ಟವಾಗದೆ ಶಸ್ತ್ರಚಿಕಿತ್ಸೆಗೆ ಒಪ್ಪಿಕೊಂಡು, ಉಸಿರಾಟ ಸರಿಹೋದರೂ ಮುಖ ಹಾಗೆಯೇ ಇದೆಯೆಂದು ಮನನೋಯುವವರಿರುವುದರಿಂದ ಇಲ್ಲಿನ ಉತ್ತರಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಲಾಗಿದೆ.

ಮೂಗಿನ ನಡುಗೋಡೆ ಎಂದರೇನು? ಅದು ವಕ್ರವಾಗಿದೆ ಎಂದರೆ ಏನರ್ಥ?

ಮೂಗಿನ ಒಳಭಾಗವನ್ನು ಎಡ ಮತ್ತು ಬಲ ಎಂದು ಎರಡಾಗಿ ವಿಭಾಗಿಸುವ ತೆಳುವಾದ ಗೋಡೆಯೇ ನಡುಗೋಡೆ. ವೈದ್ಯರು ಇದನ್ನು ಸೆಪ್ಟಮ್ ಎನ್ನುತ್ತಾರೆ. ಇದರ ಮುಂಭಾಗ ಮೃದ್ವಸ್ಥಿಯಿಂದ, ಅಂದರೆ ಬಾಗಬಲ್ಲ ಮೆದುಮೂಳೆಯಿಂದ (ಕಾರ್ಟಿಲೇಜ್) ಆಗಿದೆ. ಹಿಂಭಾಗದಲ್ಲಿ ಮೇಲಕ್ಕೆ ಎತ್ಮಾಯ್ಡ್ ಮೂಳೆಯ ಲಂಬ ಫಲಕವೂ ಕೆಳಕ್ಕೆ ವೋಮರ್ ಎಂಬ ಮೂಳೆಯೂ ಇವೆ. ತಳದಲ್ಲಿ ಇಡೀ ಗೋಡೆ ಮೇಲ್ದವಡೆಯ ನಡುವಿನ ಏಣಿನ ಮೇಲೆ ಕುಳಿತಿರುತ್ತದೆ. ಎರಡೂ ಬದಿಗೆ ಲೋಳೆಪೊರೆಯ ಹೊದಿಕೆಯಿದೆ.

ಈ ಗೋಡೆ ನಡುರೇಖೆಯಿಂದ ಒಂದು ಕಡೆಗೆ ಬಾಗಿದ್ದರೆ, ಇಂಗ್ಲಿಷಿನ ಎಸ್ ಅಕ್ಷರದಂತೆ ಎರಡು ಕಡೆಗೂ ತಿರುಗಿದ್ದರೆ, ಅಥವಾ ಅದರ ಮೇಲೆ ಮುಳ್ಳಿನಂತೆ ಮೂಳೆ ಚಾಚಿಕೊಂಡಿದ್ದರೆ ಅದನ್ನು ವಕ್ರತೆ ಎನ್ನುತ್ತಾರೆ. ವರದಿಗಳಲ್ಲಿ ಡಿ.ಎನ್.ಎಸ್. ಎಂದು ಬರೆದಿರುವುದು ಇದನ್ನೇ. ಜನರ ಮಾತಿನಲ್ಲಿ ಇದು 'ಮೂಗಿನಲ್ಲಿ ಮೂಳೆ ಬೆಳೆದಿದೆ' ಎಂದಾಗುತ್ತದೆ. ಆದರೆ ಹೆಚ್ಚಿನವರಲ್ಲಿ ಹೊಸದಾಗಿ ಏನೂ ಬೆಳೆದಿರುವುದಿಲ್ಲ, ಇರುವ ಗೋಡೆಯೇ ಬಾಗಿರುತ್ತದೆ. ಕಡ್ಡಿ ಇಟ್ಟಂತೆ ನೇರವಾದ ನಡುಗೋಡೆ ಇರುವವರು ಕಡಿಮೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅಲ್ಪಸ್ವಲ್ಪ ವಕ್ರತೆ ಬಹುಪಾಲು ಜನರಲ್ಲಿದ್ದು, ಅವರಿಗೆ ಅದರಿಂದ ಯಾವ ತೊಂದರೆಯೂ ಆಗಿರುವುದಿಲ್ಲ. ಹೀಗಾಗಿ ವರದಿಯಲ್ಲಿ ಆ ಮೂರು ಅಕ್ಷರಗಳನ್ನು ಕಂಡ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ.

ಮುಖದ ಎಡಬಲಗಳು ಒಂದೇ ಸಮನಾಗಿ ಇರಬೇಕಲ್ಲವೇ?

ಇರಬೇಕಿಲ್ಲ, ಇರುವುದೂ ಇಲ್ಲ. ಒಂದು ಹುಬ್ಬು ತುಸು ಮೇಲಿರುವುದು, ಒಂದು ಕೆನ್ನೆಮೂಳೆ ಹೆಚ್ಚು ಉಬ್ಬಿರುವುದು, ಬಾಯಿಯ ಒಂದು ಮೂಲೆ ಕೊಂಚ ಕೆಳಗಿರುವುದು ಆರೋಗ್ಯವಂತ ಮುಖಗಳಲ್ಲಿ ಸಾಮಾನ್ಯ. ಬೇರೆಯವರು ಮಾತನಾಡುವಾಗ ಗಮನಿಸುವಷ್ಟು ವ್ಯತ್ಯಾಸವಿದ್ದರೆ, ಹಲ್ಲುಗಳು ಸರಿಯಾಗಿ ಕೂಡದಿದ್ದರೆ, ಅಥವಾ ವ್ಯತ್ಯಾಸ ಕಾಲಕ್ರಮೇಣ ಹೆಚ್ಚುತ್ತಿದ್ದರೆ ಮಾತ್ರ ಅದಕ್ಕೆ ಕಾರಣ ಹುಡುಕುವುದು ಅಗತ್ಯವಾಗುತ್ತದೆ.

ನಡುಗೋಡೆ ವಕ್ರವಾಗಿರುವುದರಿಂದಲೇ ಮುಖ ಓರೆಯಾಗುತ್ತದೆಯೇ?

ನೇರವಾದ ಹೌದು ಅಥವಾ ಇಲ್ಲ ಎಂಬ ಉತ್ತರ ಇದಕ್ಕಿಲ್ಲ. ಎರಡೂ ಒಟ್ಟಿಗೆ ಕಾಣಿಸಿಕೊಳ್ಳಲು ಕನಿಷ್ಠ ನಾಲ್ಕು ದಾರಿಗಳಿವೆ, ಮತ್ತು ಒಬ್ಬರ ಮುಖದಲ್ಲಿ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಸೇರಿಕೊಂಡಿರಬಹುದು.

ಮೊದಲನೆಯದು, ಬೆಳೆಯುವ ವಯಸ್ಸಿನಲ್ಲಿ ನಡುಗೋಡೆ ಬಾಗಿ, ಅದರ ಜೊತೆ ಬೆಸೆದುಕೊಂಡಿರುವ ಮೇಲ್ದವಡೆಯ ಬೆಳವಣಿಗೆ ಎಡಬಲಗಳಲ್ಲಿ ಬೇರೆ ಬೇರೆಯಾಗುವುದು. ಎರಡನೆಯದು ಇದರ ತಿರುವು: ದವಡೆ ಅಥವಾ ತಲೆಬುರುಡೆಯ ತಳವೇ ಅಸಮವಾಗಿ ಬೆಳೆದು, ನಡುವೆ ಸಿಕ್ಕಿಕೊಂಡ ಗೋಡೆ ಬಾಗುವುದು. ಮೂರನೆಯದು, ಎರಡಕ್ಕೂ ಒಂದೇ ಕಾರಣ ಇರುವುದು. ಬಾಲ್ಯದಲ್ಲಿ ಮುಖಕ್ಕೆ ಬಿದ್ದ ಪೆಟ್ಟು ಅಥವಾ ಹುಟ್ಟಿನಿಂದ ಬಂದ ಸೀಳುತುಟಿ ಇದಕ್ಕೆ ಉದಾಹರಣೆ. ನಾಲ್ಕನೆಯದನ್ನು ಹಲವರು ಮರೆಯುತ್ತಾರೆ. ಮುಖದ ಮೂಳೆಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಇಲ್ಲದಿದ್ದರೂ, ಮುಖದ ನಟ್ಟನಡುವೆ ನಿಂತ ಮೂಗು ಹೊರಗಿನಿಂದಲೇ ಒಂದು ಕಡೆಗೆ ತಿರುಗಿದ್ದರೆ ಇಡೀ ಮುಖವೇ ಓರೆಯಾಗಿರುವಂತೆ ಕಣ್ಣಿಗೆ ತೋರುತ್ತದೆ.

ಹೊರನೋಟಕ್ಕೆ ಮೂಗು ವಾಲಿರುವವರ ಮುಖವನ್ನು ಅಳೆದು ನೋಡಿದ ಅಧ್ಯಯನಗಳಲ್ಲಿ ಮುಖದ ಎರಡು ಬದಿಗಳ ಅಳತೆಯಲ್ಲಿ ವ್ಯತ್ಯಾಸ ಕಂಡುಬಂದಿದೆ. ಆದರೆ ಒಂದೇ ಹೊತ್ತಿನಲ್ಲಿ ತೆಗೆದ ಅಳತೆಗಳು ಎರಡು ಸಂಗತಿಗಳು ಜೊತೆಯಲ್ಲಿವೆ ಎಂಬುದನ್ನಷ್ಟೇ ತೋರಿಸಬಲ್ಲವು. ಯಾವುದು ಮೊದಲು ಆಯಿತು, ಯಾವುದು ಯಾವುದನ್ನು ಎಳೆಯಿತು ಎಂಬುದನ್ನು ಹೇಳಲಾರವು. ಈ ಭೇದವನ್ನು ಬದಿಗಿಟ್ಟು 'ನಿಮ್ಮ ಮುಖದ ಓರೆಗೆ ಮೂಗಿನ ಮೂಳೆಯೇ ಕಾರಣ' ಎಂದು ಖಚಿತವಾಗಿ ಹೇಳುವ ಯಾವ ಮಾತನ್ನೂ ಎಚ್ಚರಿಕೆಯಿಂದ ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಡುಗೋಡೆ ಮುಖದ ಬೆಳವಣಿಗೆಯನ್ನು ನಿರ್ದೇಶಿಸುತ್ತದೆ ಎನ್ನಲು ಆಧಾರವೇನು?

1950ರ ದಶಕದಲ್ಲಿ ಅಂಗರಚನಾ ವಿಜ್ಞಾನಿ ಜೇಮ್ಸ್ ಸ್ಕಾಟ್ ಅವರು ನಡುಗೋಡೆಯ ಮೃದ್ವಸ್ಥಿಯೇ ಮುಖದ ಮಧ್ಯಭಾಗವನ್ನು ಮುಂದಕ್ಕೂ ಕೆಳಕ್ಕೂ ತಳ್ಳುತ್ತಾ ಬೆಳೆಸುತ್ತದೆ ಎಂಬ ವಾದವನ್ನು ಮುಂದಿಟ್ಟರು. ಮೃದ್ವಸ್ಥಿ ತನ್ನೊಳಗಿನಿಂದಲೇ ಹಿಗ್ಗಿ ಬೆಳೆಯಬಲ್ಲದು. ಮೇಲ್ದವಡೆಯ ಮೂಳೆಗಳಾದರೋ ತಮ್ಮ ಬೆಸುಗೆಗಳಲ್ಲಿ ಮತ್ತು ಹೊರಮೈಯಲ್ಲಿ ಮಾತ್ರ ಹೊಸ ಮೂಳೆಯನ್ನು ಸೇರಿಸಿಕೊಳ್ಳುತ್ತವೆ. ಆದುದರಿಂದ ತಳ್ಳುವ ಶಕ್ತಿ ಮೃದ್ವಸ್ಥಿಯದು, ಅದಕ್ಕೆ ಹೊಂದಿಕೊಂಡು ಬೆಳೆಯುವುದು ಮೂಳೆಯ ಕೆಲಸ ಎಂಬುದು ಆ ವಾದದ ತಿರುಳು. 1966ರಲ್ಲಿ ಸಾರ್ನಾಟ್ ಮತ್ತು ವೆಕ್ಸ್ಲರ್ ಎಂಬ ಸಂಶೋಧಕರು ಬೆಳೆಯುತ್ತಿರುವ ಮೊಲಗಳ ನಡುಗೋಡೆಯ ಮೃದ್ವಸ್ಥಿಯನ್ನು ತೆಗೆದುಹಾಕಿದಾಗ ಅವುಗಳ ಮೂತಿ ಗಿಡ್ಡವಾಗಿ ಉಳಿಯಿತು. ಆದರೆ ಮೆಲ್ವಿನ್ ಮಾಸ್ ಅವರಂತಹವರು ಈ ತೀರ್ಮಾನವನ್ನು ಒಪ್ಪಲಿಲ್ಲ. ಸುತ್ತಲಿನ ಮೃದು ಅಂಗಾಂಶಗಳ, ಉಸಿರಾಟದ, ಅಗಿಯುವಿಕೆಯ ಒತ್ತಡಗಳೇ ಮುಖವನ್ನು ರೂಪಿಸುತ್ತವೆ, ಮೃದ್ವಸ್ಥಿ ಅದನ್ನು ಅನುಸರಿಸುತ್ತದೆ ಎಂಬುದು ಅವರ ನಿಲುವಾಗಿತ್ತು. ಮೊಲಗಳಿಗಾದ ಶಸ್ತ್ರಚಿಕಿತ್ಸೆಯ ಗಾಯವೇ ಬೆಳವಣಿಗೆಯನ್ನು ಕುಂಠಿತಗೊಳಿಸಿರಬಹುದು ಎಂಬ ಆಕ್ಷೇಪವೂ ಇದೆ.

ಮನುಷ್ಯರಲ್ಲಿ ಇಂತಹ ಪ್ರಯೋಗ ನಡೆಸುವಂತಿಲ್ಲ. ಹಾಗಾಗಿ 1997ರಲ್ಲಿ ಪ್ರಕಟವಾದ ಒಂದು ಅವಳಿ ಮಕ್ಕಳ ವರದಿಗೆ ವಿಶೇಷ ತೂಕವಿದೆ. ತದ್ರೂಪಿ ಅವಳಿಗಳಲ್ಲಿ ಒಂದು ಮಗುವಿಗೆ 7ನೆಯ ವಯಸ್ಸಿನಲ್ಲಿ ನಡುಗೋಡೆಯಲ್ಲಿ ಕೀವು ತುಂಬಿ ಮೃದ್ವಸ್ಥಿ ನಾಶವಾಯಿತು. ಇನ್ನೊಂದು ಮಗುವಿನ ಮೂಗು ಆರೋಗ್ಯವಾಗಿತ್ತು. ಇಬ್ಬರನ್ನೂ 10 ವರ್ಷ ಗಮನಿಸಿದಾಗ, ಮೃದ್ವಸ್ಥಿ ಕಳೆದುಕೊಂಡ ಮಗುವಿನ ಮೂಗಿನ ಸೇತುವೆ ಕುಸಿದು, ಮೇಲ್ದವಡೆ ಒಡಹುಟ್ಟಿನದಕ್ಕಿಂತ ಹಿಂದೆ ಉಳಿದದ್ದು ಕಂಡುಬಂತು. ಅನುವಂಶೀಯತೆ ಒಂದೇ ಆಗಿದ್ದರೂ ಮುಖಗಳು ಬೇರೆಯಾದವು. ಆದರೆ ಇಲ್ಲಿ ಕಂಡ ಮುಖ್ಯ ಬದಲಾವಣೆ ಮುಖ ಮುಂದಕ್ಕೆ ಬೆಳೆಯುವುದಕ್ಕೆ ಸಂಬಂಧಿಸಿದ್ದು, ಎಡಬಲದ ವ್ಯತ್ಯಾಸಕ್ಕೆ ಅಲ್ಲ ಎಂಬುದನ್ನು ಗಮನಿಸಬೇಕು. ಮೃದ್ವಸ್ಥಿ ಇಲ್ಲವಾಗುವುದಕ್ಕೂ ಅದು ತುಸು ಬಾಗಿರುವುದಕ್ಕೂ ಬಹಳ ಅಂತರವಿದೆ.

ಬಾಯಿಯಿಂದ ಉಸಿರಾಡುವುದರಿಂದ ಮಕ್ಕಳ ಮುಖದ ಆಕಾರ ಬದಲಾಗುತ್ತದೆ ಎನ್ನುತ್ತಾರೆ. ಇದು ನಿಜವೇ?

ಮೂಗು ದೀರ್ಘಕಾಲ ಕಟ್ಟಿಕೊಂಡಿರುವ ಮಗು ಬಾಯಿ ತೆರೆದು ಉಸಿರಾಡುತ್ತದೆ. ಆಗ ನಾಲಿಗೆ ಅಂಗುಳಕ್ಕೆ ತಾಗಿ ನಿಲ್ಲುವ ಬದಲು ಕೆಳಗಿಳಿಯುತ್ತದೆ, ಕೆಳದವಡೆ ಹಿಂದಕ್ಕೂ ಕೆಳಕ್ಕೂ ತಿರುಗುತ್ತದೆ, ಒಳಗಿನಿಂದ ನಾಲಿಗೆಯ ಆಸರೆ ತಪ್ಪಿದ ಮೇಲ್ದವಡೆಯನ್ನು ಕೆನ್ನೆಯ ಸ್ನಾಯುಗಳು ಎರಡೂ ಕಡೆಯಿಂದ ಒತ್ತುತ್ತವೆ. ಇದರ ಪರಿಣಾಮವಾಗಿ ಉದ್ದನೆಯ ಮುಖ, ಎತ್ತರವಾದ ಕಿರಿದಾದ ಅಂಗುಳ ಮತ್ತು ಮೇಲಿನ ದವಡೆ ಹಲ್ಲುಗಳು ಕೆಳಗಿನವುಗಳ ಒಳಗೆ ಕೂರುವ ಅಡ್ಡಕಡಿತ ಉಂಟಾಗಬಹುದು ಎಂದು ವಿವರಿಸಲಾಗುತ್ತದೆ. ಹಾರ್ವೊಲ್ಡ್ ಮತ್ತು ಅವರ ಸಂಗಡಿಗರು ಎಳೆಯ ಕೋತಿಗಳ ಮೂಗನ್ನು ಮುಚ್ಚಿ ನಡೆಸಿದ ಪ್ರಯೋಗಗಳಲ್ಲಿ ದವಡೆ ಮತ್ತು ಹಲ್ಲುಗಳ ಜೋಡಣೆ ಬದಲಾಯಿತು. ಆದರೆ ಎಲ್ಲ ಕೋತಿಗಳಲ್ಲೂ ಒಂದೇ ರೀತಿಯಲ್ಲಿ ಅಲ್ಲ.

ಇಲ್ಲಿ ಅಸಮತೆ ಹೇಗೆ ಬರುತ್ತದೆ ಎಂಬುದು ಕುತೂಹಲದ ವಿಷಯ. ಕಿರಿದಾದ ಮೇಲ್ದವಡೆಗೆ ಹೊಂದಿಕೊಂಡು ಅಗಿಯಲು ಮಗು ಕೆಳದವಡೆಯನ್ನು ಒಂದು ಪಕ್ಕಕ್ಕೆ ಸರಿಸಿ ಕಚ್ಚುವುದನ್ನು ರೂಢಿ ಮಾಡಿಕೊಳ್ಳುತ್ತದೆ. ವರ್ಷಗಟ್ಟಲೆ ಹಾಗೆಯೇ ಮುಂದುವರಿದರೆ ಕೆಳದವಡೆಯ ಎರಡು ಬದಿಗಳು ಅಸಮವಾಗಿ ಬೆಳೆಯುವ ಸಂಭವವಿದೆ, ಗಲ್ಲ ಒಂದು ಕಡೆಗೆ ಸರಿದಂತೆ ಕಾಣಬಹುದು. ಅಂದರೆ ಮೂಗಿನ ತಡೆ ಮುಖವನ್ನು ನೇರವಾಗಿ ವಾಲಿಸುವುದಕ್ಕಿಂತ ಹಲ್ಲು ಮತ್ತು ದವಡೆಗಳ ಮೂಲಕ ಸುತ್ತುಬಳಸಿ ಪ್ರಭಾವ ಬೀರುತ್ತದೆ. ಮಕ್ಕಳಲ್ಲಿ ಇಂತಹ ತಡೆಗೆ ನಡುಗೋಡೆಗಿಂತ ಮೂಗಿನ ಹಿಂಬದಿಯಲ್ಲಿರುವ ಅಡೆನಾಯ್ಡ್ ಗ್ರಂಥಿಯ ಊತ ಮತ್ತು ಅಲರ್ಜಿಯೇ ಹೆಚ್ಚಾಗಿ ಕಾರಣ ಎಂಬುದನ್ನು ಪೋಷಕರು ತಿಳಿದಿರುವುದು ಒಳ್ಳೆಯದು.

ಮುಖದ ಓರೆಯೇ ನಡುಗೋಡೆಯನ್ನು ಬಾಗಿಸಬಹುದೇ?

ಬಾಗಿಸಬಹುದು, ಮತ್ತು ಇದಕ್ಕೆ ಎರಡು ಸ್ಪಷ್ಟ ನಿದರ್ಶನಗಳಿವೆ. ಒಂದು ಬದಿಗೆ ಸೀಳುತುಟಿ ಇರುವ ಮಗುವಿನಲ್ಲಿ ಮೇಲ್ದವಡೆಯ ಎರಡು ಭಾಗಗಳು ಸಮವಾಗಿ ನಿಂತಿರುವುದಿಲ್ಲ. ತುಟಿಯ ಸ್ನಾಯುಗಳ ಎಳೆತವೂ ಸರಿದೂಗಿರುವುದಿಲ್ಲ. ಅಲ್ಲಿ ನಡುಗೋಡೆಯ ಮುಂತುದಿ ಸೀಳಿಲ್ಲದ ಕಡೆಗೆ ಸೆಳೆಯಲ್ಪಟ್ಟಿರುತ್ತದೆ, ಹಿಂಭಾಗ ಸೀಳಿನ ಕಡೆಗೆ ಬಾಗಿರುತ್ತದೆ. ಇನ್ನೊಂದು ನಿದರ್ಶನ ದವಡೆಯ ಶಸ್ತ್ರಚಿಕಿತ್ಸೆಯದು. ಮೇಲ್ದವಡೆಯನ್ನು ಕತ್ತರಿಸಿ ಮೇಲಕ್ಕೆ ಏರಿಸಿ ಕೂರಿಸುವಾಗ ನಡುಗೋಡೆಯ ತಳವನ್ನು ಅಷ್ಟೇ ಪ್ರಮಾಣದಲ್ಲಿ ತೆಗೆಯದಿದ್ದರೆ, ಜಾಗ ಸಾಲದೆ ಗೋಡೆ ಒಂದು ಕಡೆಗೆ ಬಾಗುತ್ತದೆ. ಶಸ್ತ್ರಚಿಕಿತ್ಸಕರು ಇದನ್ನು ಮೊದಲೇ ಲೆಕ್ಕ ಹಾಕಿ ತಳದ ಅಂಚನ್ನು ಸವರುತ್ತಾರೆ. ಮೇಲೆ ತಲೆಬುರುಡೆಯ ತಳ, ಕೆಳಗೆ ಅಂಗುಳ, ಇವೆರಡರ ನಡುವೆ ಸಿಕ್ಕಿರುವ ಹಾಳೆಗೆ ಬಾಗದೆ ಬೇರೆ ದಾರಿಯಿಲ್ಲ.

ಒಳಗಿನ ವಕ್ರತೆ ಇದ್ದರೆ ಹೊರಗಿನ ಮೂಗೂ ಸೊಟ್ಟಗಿರುತ್ತದೆಯೇ?

ಯಾವಾಗಲೂ ಅಲ್ಲ. ವಕ್ರತೆ ಹಿಂಭಾಗದಲ್ಲಿದ್ದರೆ ಹೊರಗೆ ಏನೂ ಕಾಣದೆ ಮೂಗು ಕಟ್ಟಿಕೊಂಡಿರಬಹುದು. ಬದಲಿಗೆ ಅದು ಮೂಗಿನ ಬೆನ್ನಿನ ಬಳಿ ಅಥವಾ ತುದಿಯ ಹತ್ತಿರ ಇದ್ದರೆ, ಹೊರಮೂಗಿನ ಕೆಳಗಿನ ಭಾಗಕ್ಕೆ ಕಂಬದಂತೆ ಆಸರೆಯಾಗಿರುವುದು ಆ ಮೃದ್ವಸ್ಥಿಯೇ ಆದ್ದರಿಂದ, ಹೊರಗೂ ಸೊಟ್ಟ ಕಾಣುತ್ತದೆ ಮತ್ತು ಹೊಳ್ಳೆಗಳ ಗಾತ್ರ ಬೇರೆ ಬೇರೆಯಾಗಿ ತೋರುತ್ತದೆ. ಮೂಗಿನ ಮೇಲ್ಭಾಗದ ಸೊಟ್ಟಕ್ಕೆ ಮೂಗಿನ ಮೂಳೆಗಳೇ ಕಾರಣವಾಗಿರಬಹುದು.

ಫೋಟೋದಲ್ಲಿ ನನ್ನ ಮುಖ ಕನ್ನಡಿಗಿಂತ ಹೆಚ್ಚು ಓರೆಯಾಗಿ ಕಾಣುತ್ತದೆ. ಯಾವುದನ್ನು ನಂಬಬೇಕು?

ಕನ್ನಡಿ ನಮ್ಮನ್ನು ಎಡಬಲ ಅದಲುಬದಲಾಗಿ ತೋರಿಸುತ್ತದೆ, ಮತ್ತು ನಮ್ಮ ಕಣ್ಣು ಆ ರೂಪಕ್ಕೇ ಪಳಗಿರುತ್ತದೆ. ಫೋಟೋದಲ್ಲಿ ಅದೇ ಮುಖ ತಿರುಗುಮುರುಗಾದಾಗ ಇದುವರೆಗೆ ಗಮನಿಸದ ವ್ಯತ್ಯಾಸಗಳು ಎದ್ದು ಕಾಣುತ್ತವೆ. ಮೊಬೈಲ್ ಕ್ಯಾಮೆರಾವನ್ನು ಹತ್ತಿರ ಹಿಡಿದಾಗ ಇನ್ನೊಂದು ದೋಷ ಸೇರಿಕೊಳ್ಳುತ್ತದೆ: 2018ರ ಒಂದು ಲೆಕ್ಕಾಚಾರದ ಪ್ರಕಾರ, 12 ಇಂಚು ದೂರದಿಂದ ತೆಗೆದ ಚಿತ್ರದಲ್ಲಿ ಮೂಗಿನ ಅಗಲ ಮುಖಕ್ಕೆ ಹೋಲಿಸಿದಾಗ ಸುಮಾರು ಶೇಕಡ 30ರಷ್ಟು ಹೆಚ್ಚಾಗಿ ಕಾಣುತ್ತದೆ. ತಲೆ ತುಸು ತಿರುಗಿದ್ದರೂ ಮೂಗು ವಾಲಿದಂತೆ ಕಾಣುತ್ತದೆ. ಆದುದರಿಂದ ಒಂದೆರಡು ಮೀಟರ್ ದೂರದಿಂದ, ಕಣ್ಣಿನ ಎತ್ತರದಲ್ಲಿ, ಎರಡೂ ಕಡೆ ಸಮನಾದ ಬೆಳಕಿನಲ್ಲಿ ಬೇರೆಯವರಿಂದ ತೆಗೆಸಿದ ಚಿತ್ರವನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು.

ಮುಖದ ಓರೆಗೆ ಮೂಗಲ್ಲದೆ ಬೇರೆ ಯಾವ ಕಾರಣಗಳಿರಬಹುದು?

ಕೆಳದವಡೆಯ ಕೀಲಿನ ತುದಿ ಒಂದು ಬದಿಯಲ್ಲಿ ಅತಿಯಾಗಿ ಬೆಳೆಯುವುದು, ಬಾಲ್ಯದ ಪೆಟ್ಟಿನಿಂದ ಅದೇ ಕೀಲು ಬೆಳೆಯದೆ ಉಳಿಯುವುದು, ಹುಟ್ಟಿನಿಂದಲೇ ಮುಖದ ಅರ್ಧಭಾಗ ಕಿರಿದಾಗಿರುವುದು, ಕುತ್ತಿಗೆಯ ಸ್ನಾಯು ಬಿಗಿದು ತಲೆ ಸದಾ ಒಂದು ಕಡೆ ವಾಲಿರುವುದು, ಹಲ್ಲುಗಳ ತಪ್ಪು ಜೋಡಣೆ, ಹಳೆಯ ಮೂಳೆಮುರಿತ, ಮುಖದ ನರದ ದೌರ್ಬಲ್ಯ ಇವೆಲ್ಲ ಪಟ್ಟಿಯಲ್ಲಿವೆ. ಮುಖ ಇದ್ದಕ್ಕಿದ್ದಂತೆ ಒಂದು ಕಡೆ ಜೋತುಬಿದ್ದರೆ, ಮಾತು ತೊದಲಿದರೆ ಅಥವಾ ಕೈಯಲ್ಲಿ ಬಲ ಕುಂದಿದರೆ ಅದು ಪಾರ್ಶ್ವವಾಯುವಿನ ಲಕ್ಷಣವಾಗಿರಬಹುದು. ಮೂಗಿನ ಬಗ್ಗೆ ಯೋಚಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಯಾವ ಪರೀಕ್ಷೆಗಳನ್ನು ಮಾಡುತ್ತಾರೆ?

ಇ.ಎನ್.ಟಿ. ವೈದ್ಯರು ಮೊದಲು ಹೊರಮೂಗನ್ನು ಮುಂಭಾಗದಿಂದ, ಕೆಳಗಿನಿಂದ ಮತ್ತು ತಲೆಯ ಮೇಲಿನಿಂದ ನೋಡುತ್ತಾರೆ. ನಂತರ ಹೊಳ್ಳೆಯನ್ನು ಅಗಲಿಸಿ, ಅಗತ್ಯವಿದ್ದರೆ ಎಂಡೋಸ್ಕೋಪ್ ಹಾಕಿ ಒಳಗಿನ ಸ್ಥಿತಿಯನ್ನು ಪರಿಶೀಲಿಸುತ್ತಾರೆ. ನಡುಗೋಡೆ ಬಾಗಿರುವುದರಿಂದ ಟೊಳ್ಳಾದ ಕಡೆಯಲ್ಲಿ ಟರ್ಬಿನೇಟ್ (ಮೂಗಿನ ಪಕ್ಕದ ಗೋಡೆಯಿಂದ ಒಳಕ್ಕೆ ಚಾಚಿರುವ, ಲೋಳೆಪೊರೆ ಹೊದ್ದ ಮೂಳೆಯ ಮಡಿಕೆ) ದಪ್ಪವಾಗಿ ಬೆಳೆದು ಆ ಜಾಗವನ್ನು ತುಂಬಿಕೊಂಡಿರುವುದುಂಟು; ಗೋಡೆ ಎಡಕ್ಕೆ ಬಾಗಿದ್ದರೂ ಬಲಗಡೆ ಕಟ್ಟಿಕೊಂಡಂತೆ ಅನಿಸುವುದಕ್ಕೆ ಇದು ಒಂದು ಕಾರಣ. ಇನ್ನೊಂದು ಕಾರಣ ಸಂಪೂರ್ಣ ಸಹಜವಾದದ್ದು: ಕೆಲವು ಗಂಟೆಗಳಿಗೊಮ್ಮೆ ಮೂಗಿನ ಒಂದು ಬದಿಯ ಲೋಳೆಪೊರೆ ಉಬ್ಬಿ ಇನ್ನೊಂದು ಬದಿಯದು ಇಳಿಯುತ್ತದೆ, ಮತ್ತೆ ಅದಲುಬದಲಾಗುತ್ತದೆ. ಈ ಮೂಗಿನ ಆವರ್ತವನ್ನು ರಿಚರ್ಡ್ ಕೇಸರ್ ಎಂಬ ವೈದ್ಯರು 1895ರಲ್ಲಿಯೇ ವಿವರಿಸಿದ್ದರು.

ಬರೀ ವಕ್ರತೆಯನ್ನು ಗುರುತಿಸಲು ಸಿಟಿ ಸ್ಕ್ಯಾನ್ ಎಲ್ಲರಿಗೂ ಬೇಕಾಗುವುದಿಲ್ಲ. ಸೈನಸ್ ತೊಂದರೆ ಇದ್ದರೆ ಅಥವಾ ಮುಖದ ಮೂಳೆಗಳ ಅಸಮತೆಯನ್ನು ಅಳೆಯಬೇಕಿದ್ದರೆ ಅದರಿಂದ ಪ್ರಯೋಜನವಿದೆ. ಮುಖದ ಅಸಮತೆಯೇ ಮುಖ್ಯ ದೂರಾಗಿದ್ದರೆ ಹಲ್ಲಿನ ಜೋಡಣೆಯ ತಜ್ಞರು ಮತ್ತು ದವಡೆ ಶಸ್ತ್ರಚಿಕಿತ್ಸಕರೂ ನೋಡಬೇಕು. ಬಾಯಿಗೆ ಅಡ್ಡವಾಗಿ ಒಂದು ಚಪ್ಪಟೆ ಕಡ್ಡಿಯನ್ನು ಹಲ್ಲುಗಳ ನಡುವೆ ಕಚ್ಚಿಸಿ, ಅದು ಕಣ್ಣುಗಳ ರೇಖೆಗೆ ಸಮಾನಾಂತರವಾಗಿದೆಯೇ ಎಂದು ನೋಡುವ ಸರಳ ಪರೀಕ್ಷೆಯಿಂದಲೇ ಮೇಲ್ದವಡೆ ವಾಲಿದೆಯೇ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಸೆಪ್ಟೋಪ್ಲಾಸ್ಟಿ ಮಾಡಿಸಿಕೊಂಡರೆ ಮುಖ ಸರಿಹೋಗುತ್ತದೆಯೇ?

ವಯಸ್ಕರಲ್ಲಿ ಇಲ್ಲ. ಸೆಪ್ಟೋಪ್ಲಾಸ್ಟಿಯ ಉದ್ದೇಶ ಉಸಿರಾಟಕ್ಕೆ ದಾರಿ ಮಾಡಿಕೊಡುವುದು. ಲೋಳೆಪೊರೆಯನ್ನು ಎಬ್ಬಿಸಿ, ಬಾಗಿದ ಮೃದ್ವಸ್ಥಿ ಮತ್ತು ಮೂಳೆಯನ್ನು ನೇರಗೊಳಿಸಿ ಅಥವಾ ತೆಗೆದು, ಪೊರೆಯನ್ನು ಮತ್ತೆ ಜೋಡಿಸುತ್ತಾರೆ. ಮೂಗು ಕುಸಿಯದಿರಲೆಂದು ಬೆನ್ನಿನ ಕಡೆಯಲ್ಲೂ ಮುಂತುದಿಯಲ್ಲೂ ಸುಮಾರು 1 ಸೆಂಟಿಮೀಟರ್ ಅಗಲದ ಮೃದ್ವಸ್ಥಿಯ ಪಟ್ಟಿಯನ್ನು ಉಳಿಸಿಕೊಳ್ಳುವುದು ರೂಢಿ. ಕೆನ್ನೆಮೂಳೆ, ದವಡೆ, ಗಲ್ಲ ಇವುಗಳಲ್ಲಿ ಯಾವುದನ್ನೂ ಈ ಚಿಕಿತ್ಸೆ ಮುಟ್ಟುವುದಿಲ್ಲ.

ಉಸಿರಾಟದ ವಿಷಯದಲ್ಲಿ ಮಾತ್ರ ಇದರ ಫಲ ಚೆನ್ನಾಗಿದೆ. 2019ರಲ್ಲಿ ನೆದರ್‌ಲ್ಯಾಂಡ್ಸ್‌ನ 203 ವಯಸ್ಕರ ಮೇಲೆ ಮತ್ತು 2023ರಲ್ಲಿ ಬ್ರಿಟನ್ನಿನ 378 ವಯಸ್ಕರ ಮೇಲೆ ನಡೆದ ಅಧ್ಯಯನಗಳ ಫಲಿತಾಂಶ ಪ್ರಕಟವಾಗಿದ್ದು, ಎರಡರಲ್ಲೂ ಶಸ್ತ್ರಚಿಕಿತ್ಸೆ ಇಲ್ಲದ ನಿರ್ವಹಣೆಗಿಂತ ಸೆಪ್ಟೋಪ್ಲಾಸ್ಟಿ ಹೆಚ್ಚಿನ ಉಪಶಮನ ಕೊಟ್ಟಿತು. ಹೊರಮೂಗಿನ ಸೊಟ್ಟವನ್ನೂ ಸರಿಪಡಿಸಬೇಕಿದ್ದರೆ ಸೆಪ್ಟೋರೈನೋಪ್ಲಾಸ್ಟಿ ಬೇಕು. ಮೂಗು ನೇರವಾದಾಗ ಮುಖ ಒಟ್ಟಾರೆ ಹೆಚ್ಚು ಸಮವಾಗಿ ಕಾಣುವವರಿದ್ದಾರೆ. ಅದೇ ರೀತಿ, ಗಮನ ಸೆಳೆಯುತ್ತಿದ್ದ ಮೂಗು ಸರಿಯಾದ ಮೇಲೆ ಗಲ್ಲದ ಅಥವಾ ಕೆನ್ನೆಯ ಹಳೆಯ ವ್ಯತ್ಯಾಸ ಎದ್ದು ಕಾಣುವವರೂ ಇದ್ದಾರೆ. ಈ ಎರಡನೆಯ ಸಾಧ್ಯತೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ, ಫೋಟೋಗಳನ್ನು ಮುಂದಿಟ್ಟುಕೊಂಡು ವೈದ್ಯರೊಂದಿಗೆ ಚರ್ಚಿಸಬೇಕು. ಮುಖವೇ ಅಸಮವಾಗಿದ್ದಾಗ ಮೂಗನ್ನು ಯಾವ ರೇಖೆಗೆ ಹೊಂದಿಸಿ ನೇರ ಮಾಡಬೇಕು ಎಂಬ ಪ್ರಶ್ನೆಗೂ ಆಗಲೇ ಉತ್ತರ ಸಿಗಬೇಕು.

ದವಡೆ ಮತ್ತು ಮೂಗು ಎರಡಕ್ಕೂ ಚಿಕಿತ್ಸೆ ಬೇಕಿದ್ದರೆ ಯಾವುದು ಮೊದಲು?

ಸಾಮಾನ್ಯವಾಗಿ ದವಡೆ ಮೊದಲು. ಮೂಗಿನ ತಳ ಕುಳಿತಿರುವುದೇ ಮೇಲ್ದವಡೆಯ ಮೇಲೆ. ತಳಹದಿ ಸರಿದಾಗ ಹೊಳ್ಳೆಗಳ ಅಗಲವೂ ಮೂಗಿನ ತುದಿಯ ಎತ್ತರವೂ ಬದಲಾಗುತ್ತವೆ. ಕೆಲವರಲ್ಲಿ ದವಡೆ ಚಿಕಿತ್ಸೆಯ ಸಂದರ್ಭದಲ್ಲೇ ನಡುಗೋಡೆಯನ್ನೂ ಸರಿಪಡಿಸುತ್ತಾರೆ.

ವ್ಯಾಯಾಮ, ಮೂಗನ್ನು ಒತ್ತುವುದು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿಯುವುದು ಇವುಗಳಿಂದ ನೇರವಾಗುವುದೇ?

ಬೆಳೆದ ವ್ಯಕ್ತಿಯಲ್ಲಿ ಬಾಗಿದ ಮೃದ್ವಸ್ಥಿ ಅಥವಾ ಮೂಳೆ ಇವುಗಳಿಂದ ನೇರವಾಗುತ್ತದೆ ಎನ್ನಲು ಆಧಾರವಿಲ್ಲ. ಸ್ಟೀರಾಯ್ಡ್ ಸ್ಪ್ರೇಗಳು ಲೋಳೆಪೊರೆಯ ಊತವನ್ನು ಇಳಿಸಿ ಉಸಿರಾಟವನ್ನು ಸುಗಮಗೊಳಿಸುತ್ತವೆಯೇ ಹೊರತು ಗೋಡೆಯನ್ನು ಸರಿಸುವುದಿಲ್ಲ. ಮೂಗು ಬಿಡಿಸುವ ಡ್ರಾಪ್ಸ್‌ಗಳನ್ನು ಒಂದು ವಾರಕ್ಕಿಂತ ಹೆಚ್ಚು ದಿನ ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟಿಕೊಳ್ಳುವ ಅಪಾಯವಿದೆ.

ಮಕ್ಕಳಿಗೆ ಯಾವ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಬಹುದು?

ಬೆಳವಣಿಗೆಗೆ ಧಕ್ಕೆಯಾದೀತೆಂಬ ಭಯದಿಂದ ಹದಿಹರೆಯದ ಕೊನೆಯವರೆಗೆ ಕಾಯುವುದು ಹಿಂದಿನಿಂದ ಬಂದ ಪದ್ಧತಿ. 20ನೆಯ ಶತಮಾನದ ಆರಂಭದಲ್ಲಿ ಫ್ರೀಯರ್ ಮತ್ತು ಕಿಲ್ಲಿಯನ್ ರೂಢಿಗೆ ತಂದ ವಿಧಾನದಲ್ಲಿ ಮೃದ್ವಸ್ಥಿಯ ದೊಡ್ಡ ಭಾಗವನ್ನೇ ತೆಗೆಯುತ್ತಿದ್ದರು, ಹಾಗಾಗಿ ಆ ಭಯಕ್ಕೆ ಕಾರಣವೂ ಇತ್ತು. ಈಗ ಮೃದ್ವಸ್ಥಿಯನ್ನು ಆದಷ್ಟು ಉಳಿಸಿಕೊಂಡು ಮರುಜೋಡಿಸುವ ವಿಧಾನಗಳಿವೆ. ಉಸಿರಾಟಕ್ಕೆ ತೀವ್ರ ತಡೆಯಿರುವ ಆಯ್ದ ಮಕ್ಕಳಲ್ಲಿ ಅನುಭವಿ ಶಸ್ತ್ರಚಿಕಿತ್ಸಕರು ಇದನ್ನು ಬೇಗನೆ ಮಾಡುವುದುಂಟು. ಮುಖ ಮುಂದೆ ಓರೆಯಾಗಬಹುದು ಎಂಬ ಊಹೆಯೊಂದನ್ನೇ ಆಧರಿಸಿ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಿಸುವುದು ಮಾತ್ರ ಸರಿಯಲ್ಲ.

ಮಗು ಬಿದ್ದು ಮೂಗಿಗೆ ಪೆಟ್ಟಾಗಿದೆ, ಹೊರಗೆ ಹೆಚ್ಚೇನೂ ಕಾಣುತ್ತಿಲ್ಲ. ಕಾಯಬಹುದೇ?

ಕಾಯಬಾರದು, ಈ ಇಡೀ ಪುಟದಲ್ಲಿ ತುರ್ತಾಗಿ ನೆನಪಿಡಬೇಕಾದ ಉತ್ತರ ಇದೇ. ನಡುಗೋಡೆಯ ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಅದನ್ನು ಹೊದ್ದಿರುವ ಪೊರೆಯಿಂದಲೇ ಅದಕ್ಕೆ ಪೋಷಣೆ ದೊರೆಯುತ್ತದೆ. ಪೆಟ್ಟಿನಿಂದ ಪೊರೆ ಮತ್ತು ಮೃದ್ವಸ್ಥಿಯ ನಡುವೆ ರಕ್ತ ಸೇರಿಕೊಂಡರೆ ಆ ಪೋಷಣೆ ಕಡಿದುಹೋಗಿ, ಕೆಲವೇ ದಿನಗಳಲ್ಲಿ ಮೃದ್ವಸ್ಥಿ ಸಾಯತೊಡಗುತ್ತದೆ, ಕೀವೂ ತುಂಬಬಹುದು. ಮೇಲೆ ಹೇಳಿದ ಅವಳಿ ಮಗುವಿನ ಮೃದ್ವಸ್ಥಿ ನಾಶವಾದದ್ದೂ ಹೀಗೆ ಕೀವು ತುಂಬಿಯೇ. ಮೂಗಿನೊಳಗೆ ಮೆತ್ತನೆಯ ಕೆಂಪು ಅಥವಾ ನೀಲಿ ಉಬ್ಬು, ಎರಡೂ ಹೊಳ್ಳೆಗಳು ಒಮ್ಮೆಲೇ ಕಟ್ಟಿಕೊಳ್ಳುವುದು, ಹೆಚ್ಚುತ್ತಿರುವ ನೋವು, ಜ್ವರ ಇವು ಅದರ ಲಕ್ಷಣಗಳು. ಪೆಟ್ಟು ಬಿದ್ದ ದಿನವೇ ಮೂಗಿನ ಒಳಭಾಗವನ್ನು ವೈದ್ಯರಿಗೆ ತೋರಿಸಿ. ಆಗ ರಕ್ತ ಸೇರಿಲ್ಲದಿದ್ದರೂ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ತೋರಿಸುವುದು ಕ್ಷೇಮ. ರಕ್ತ ಸೇರಿದ್ದರೆ ಅದನ್ನು ಕೂಡಲೇ ಹೊರತೆಗೆಯಬೇಕು.